ಅಂತರರಾಷ್ಟ್ರೀಯ ಪ್ರವಾಸೋದ್ಯಮ ಮತ್ತು ರಾಷ್ಟ್ರೀಯ ಆರ್ಥಿಕ ಬೆಳವಣಿಗೆ

ಒಂದು ದೇಶದವರು ಇನ್ನೊಂದು ದೇಶಕ್ಕೆ ಹೋಗಿ, ಅಲ್ಲಿ ಕನಿಷ್ಠ ಒಂದು ರಾತ್ರಿ ತಂಗಿ, ಅಲ್ಲಿನ ಯಾವ ಸಂಸ್ಥೆಯಿಂದಲೂ ಸಂಬಳ ಪಡೆಯದೆ ಒಂದು ವರ್ಷದೊಳಗೆ ಮರಳಿದರೆ ಅವರನ್ನು ಅಂತರರಾಷ್ಟ್ರೀಯ ಪ್ರವಾಸಿಗರೆಂದು ಎಣಿಸುತ್ತಾರೆ. ವಿಹಾರಕ್ಕೆ ಬಂದವರು, ಯಾತ್ರಿಕರು, ಚಿಕಿತ್ಸೆಗೆ ಬಂದವರು, ನೆಂಟರ ಮನೆಗೆ ಬಂದವರು, ಸಭೆಗೆಂದು ಬಂದ ಕಂಪನಿ ಅಧಿಕಾರಿಗಳು ಎಲ್ಲರೂ ಈ ಲೆಕ್ಕಕ್ಕೆ ಸೇರುತ್ತಾರೆ. ಇವರು ಖರ್ಚು ಮಾಡುವ ಹಣ ಆತಿಥೇಯ ದೇಶದ ವರಮಾನವನ್ನು ಹೇಗೆ, ಎಷ್ಟರಮಟ್ಟಿಗೆ, ಎಷ್ಟು ಕಾಲ ಹೆಚ್ಚಿಸುತ್ತದೆ ಎಂಬುದು ಅಭಿವೃದ್ಧಿ ಅರ್ಥಶಾಸ್ತ್ರದಲ್ಲಿ ಬಹಳ ಚರ್ಚೆಗೆ ಒಳಗಾದ ಪ್ರಶ್ನೆ. ಅರ್ಧ ಶತಮಾನಕ್ಕೂ ಮಿಕ್ಕಿದ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ, ಬಂದವರ ತಲೆಎಣಿಕೆಗಿಂತ ಅವರು ಕೊಟ್ಟ ಹಣದಲ್ಲಿ ಎಷ್ಟು ಪಾಲು ದೇಶದೊಳಗೆ ಉಳಿಯಿತು, ಉಳಿದದ್ದು ಯಾರ ಯಾರ ಕೈ ಸೇರಿತು ಎಂಬುದೇ ಬೆಳವಣಿಗೆಯನ್ನು ನಿರ್ಧರಿಸಿರುವುದು ಕಾಣುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ವಿದೇಶ ಪ್ರಯಾಣ ಸಿರಿವಂತರಿಗೆ, ವ್ಯಾಪಾರಿಗಳಿಗೆ, ಯಾತ್ರಿಕರಿಗೆ ಮಾತ್ರ ಸಾಧ್ಯವಿತ್ತು. 1950ರಲ್ಲಿ ಇಡೀ ಜಗತ್ತಿನಲ್ಲಿ ಗಡಿ ದಾಟಿದ ಪ್ರವಾಸಿಗರು ಸುಮಾರು 2.5 ಕೋಟಿ. 2019ರಲ್ಲಿ ಆ ಸಂಖ್ಯೆ 146 ಕೋಟಿ ಮುಟ್ಟಿತು. ಫ್ರಾನ್ಸ್ 1936ರಲ್ಲಿಯೇ ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕಾನೂನಿನ ಮೂಲಕ ಕೊಟ್ಟಿತ್ತು. ಯುದ್ಧದ ನಂತರ ಪಶ್ಚಿಮ ಯುರೋಪಿನಲ್ಲೆಲ್ಲ ಇಂಥ ರಜೆ ರೂಢಿಗೆ ಬಂತು. 1958ರಿಂದ ಜೆಟ್ ವಿಮಾನಗಳು ಪ್ರಯಾಣಿಕರನ್ನು ಹೊತ್ತು ಅಟ್ಲಾಂಟಿಕ್ ದಾಟತೊಡಗಿದವು. ವಿಮಾನ, ಹೋಟೆಲು, ಊಟ ಮೂರನ್ನೂ ಒಂದೇ ದರಕ್ಕೆ ಮಾರುವ ಪ್ಯಾಕೇಜ್ ಟೂರ್ ಬಂದ ಮೇಲೆ ಕಾರ್ಖಾನೆಯ ಕೆಲಸಗಾರನ ಕುಟುಂಬವೂ ಪರದೇಶದ ಕಡಲತೀರಕ್ಕೆ ಹೋಗಿಬರುವಂತಾಯಿತು. 2019ರಲ್ಲಿ ಈ ಪ್ರವಾಸಿಗರಿಂದ ಆತಿಥೇಯ ದೇಶಗಳಿಗೆ ಬಂದ ಹಣ ಸುಮಾರು 1.5 ಲಕ್ಷ ಕೋಟಿ ಡಾಲರ್. ಈ ಅಂಕಿಗಳನ್ನು ಸಂಗ್ರಹಿಸುವ ವಿಶ್ವ ಪ್ರವಾಸೋದ್ಯಮ ಸಂಸ್ಥೆಯ ಕೇಂದ್ರ ಕಚೇರಿ ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿದೆ. 2003ರಿಂದ ಅದು ವಿಶ್ವಸಂಸ್ಥೆಯ ವಿಶೇಷ ಸಂಸ್ಥೆಗಳಲ್ಲೊಂದು.

ಲೆಕ್ಕ ಹಾಕುವ ಬಗೆ

ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿ ಭತ್ತ, ಉಕ್ಕು, ಸಿಮೆಂಟುಗಳಿಗೆ ಇರುವಂತೆ ಪ್ರವಾಸೋದ್ಯಮಕ್ಕೆ ಪ್ರತ್ಯೇಕ ಬಾಬ್ತು ಇಲ್ಲ. ಒಂದೇ ಹೋಟೆಲಿನಲ್ಲಿ ಊರಿನವರೂ ಊಟ ಮಾಡುತ್ತಾರೆ, ಪ್ರವಾಸಿಗರೂ ಮಾಡುತ್ತಾರೆ. ಒಂದೇ ರೈಲಿನಲ್ಲಿ ಇಬ್ಬರೂ ಕೂರುತ್ತಾರೆ. ಹೋಟೆಲು, ಸಾರಿಗೆ, ಅಂಗಡಿ, ಮನರಂಜನೆ ಎಂಬ ಹಲವು ಬಾಬ್ತುಗಳಲ್ಲಿ ಚದುರಿಹೋಗಿರುವ ಪ್ರವಾಸಿಯ ಪಾಲನ್ನು ಹೆಕ್ಕಿ ಕೂಡಿಸಲು ಟೂರಿಸಂ ಸ್ಯಾಟಲೈಟ್ ಅಕೌಂಟ್ ಎಂಬ ಪೂರಕ ಲೆಕ್ಕದ ಪದ್ಧತಿಯನ್ನು ರೂಪಿಸಲಾಯಿತು. ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2000ದಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು, 2008ರಲ್ಲಿ ಪರಿಷ್ಕರಣೆಯಾಯಿತು.

ಓದುಗರಿಗೆ ಆಗಾಗ ಎದುರಾಗುವ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಇಲ್ಲಿಂದಲೇ ಹುಟ್ಟುತ್ತದೆ. 2019ರಲ್ಲಿ ಜಗತ್ತಿನ ಒಟ್ಟು ಉತ್ಪನ್ನದಲ್ಲಿ ಪ್ರವಾಸೋದ್ಯಮದ ನೇರ ಪಾಲು ಸುಮಾರು ಶೇ. 4 ಎಂದು ವಿಶ್ವ ಪ್ರವಾಸೋದ್ಯಮ ಸಂಸ್ಥೆ ಹೇಳಿದರೆ, ಉದ್ಯಮಿಗಳ ಕೂಟವಾದ ವಿಶ್ವ ಪ್ರವಾಸ ಮತ್ತು ಪ್ರವಾಸೋದ್ಯಮ ಮಂಡಳಿ ಸುಮಾರು ಶೇ. 10 ಎನ್ನುತ್ತದೆ. ಮೊದಲನೆಯದು ಪ್ರವಾಸಿ ನೇರವಾಗಿ ಕೊಂಡ ಸರಕು ಸೇವೆಗಳ ಮೌಲ್ಯ. ಎರಡನೆಯದರಲ್ಲಿ ಹೋಟೆಲಿಗೆ ತರಕಾರಿ ಕೊಟ್ಟ ರೈತನ ಗಳಿಕೆ, ಹೋಟೆಲಿನ ಮಾಣಿ ತನ್ನ ಸಂಬಳದಲ್ಲಿ ಮಾಡಿದ ಖರ್ಚು ಎಲ್ಲವೂ ಸೇರಿರುತ್ತದೆ. ಎರಡೂ ಅಂಕಿಗಳು ದೇಶದೊಳಗಿನ ಪ್ರವಾಸಿಗರನ್ನೂ ಒಳಗೊಂಡಿವೆ ಎಂಬುದನ್ನು ನೆನಪಿಡಬೇಕು. ಸರ್ಕಾರಗಳ ಪ್ರಚಾರ ಪತ್ರಗಳಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ದೊಡ್ಡ ಅಂಕಿ. ನೀತಿ ರೂಪಿಸುವವರು ಚಿಕ್ಕದರಿಂದ ಹೊರಡುವುದು ಕ್ಷೇಮ.

ಸ್ಪೇನ್: ಬಿಸಿಲಿನಿಂದ ಯಂತ್ರದವರೆಗೆ

ವಿದೇಶಿ ಪ್ರವಾಸಿಯ ಖರ್ಚು ಆತಿಥೇಯ ದೇಶಕ್ಕೆ ರಫ್ತು. ಬಟ್ಟೆ, ಕಾಫಿ ರಫ್ತಾಗುವಾಗ ಸರಕು ಹಡಗು ಹತ್ತಿ ಹೋಗುತ್ತದೆ. ಇಲ್ಲಿ ಕೊಳ್ಳುವವರೇ ಸರಕು ಇರುವಲ್ಲಿಗೆ ಬರುತ್ತಾರೆ. ಹೊರಗೆ ಸಾಗಿಸಲು ಆಗದ ಬೆಟ್ಟ, ಕಡಲು, ದೇವಾಲಯ, ಹವೆ ಕೂಡ ವಿದೇಶಿ ವಿನಿಮಯ ತರುವುದು ಈ ಒಂದು ದಾರಿಯಲ್ಲಿ ಮಾತ್ರ. ಕೈಗಾರಿಕೆಯಲ್ಲಿ ಹಿಂದುಳಿದ ದೇಶಕ್ಕೆ ಇದರ ಬೆಲೆ ಏನೆಂಬುದನ್ನು ಸ್ಪೇನಿನಷ್ಟು ಚೆನ್ನಾಗಿ ತೋರಿಸಿದ ಉದಾಹರಣೆ ಇನ್ನೊಂದಿಲ್ಲ.

1950ರ ದಶಕದ ಕೊನೆಗೆ ಸ್ಪೇನಿನಲ್ಲಿ ವಿದೇಶಿ ವಿನಿಮಯ ಬಹುತೇಕ ಬರಿದಾಗಿತ್ತು. ಸರ್ವಾಧಿಕಾರಿ ಫ್ರಾಂಕೋ ಆಡಳಿತ ಇಪ್ಪತ್ತು ವರ್ಷ ಹಿಡಿದುಕೊಂಡು ಬಂದಿದ್ದ, ಹೊರಗಿನವರ ಹಂಗಿಲ್ಲದೆ ಬದುಕುವ ನೀತಿ ಸೋತಿತ್ತು. 1959ರ ಸ್ಥಿರೀಕರಣ ಯೋಜನೆಯಲ್ಲಿ ದೇಶದ ನಾಣ್ಯವಾದ ಪೆಸೇಟಾವನ್ನು ಅಪಮೌಲ್ಯಗೊಳಿಸಿದರು. ಒಂದು ಡಾಲರಿಗೆ 42 ಇದ್ದ ಅಧಿಕೃತ ದರ 60 ಆಯಿತು. ಬ್ರಿಟನ್, ಜರ್ಮನಿಯ ಮಧ್ಯಮ ವರ್ಗಕ್ಕೆ ಸ್ಪೇನ್ ಒಮ್ಮೆಲೇ ಅಗ್ಗವಾಯಿತು. 1962ರಲ್ಲಿ ಮಾಹಿತಿ ಮತ್ತು ಪ್ರವಾಸೋದ್ಯಮ ಸಚಿವರಾದ ಮಾನ್ವೆಲ್ ಫ್ರಾಗಾ ದೊಡ್ಡ ಪ್ರಮಾಣದಲ್ಲಿ ಪ್ರಚಾರ ನಡೆಸಿದರು. ಮೀನುಗಾರರ ಊರಾಗಿದ್ದ ಬೆನಿಡಾರ್ಮ್ ಹತ್ತಾರು ಅಂತಸ್ತಿನ ಹೋಟೆಲುಗಳ ಪಟ್ಟಣವಾಗಿ ಬೆಳೆಯಿತು. 1960ರಲ್ಲಿ ಸುಮಾರು 60 ಲಕ್ಷವಿದ್ದ ಸಂದರ್ಶಕರ ಸಂಖ್ಯೆ 1973ರ ಹೊತ್ತಿಗೆ 3.4 ಕೋಟಿ ದಾಟಿತು. ಅದೇ ಅವಧಿಯಲ್ಲಿ ಸ್ಪೇನಿನ ಆರ್ಥಿಕತೆ ವರ್ಷಕ್ಕೆ ಸರಾಸರಿ ಶೇ. 7ರ ಆಸುಪಾಸಿನಲ್ಲಿ ಬೆಳೆಯಿತು.

ಇಲ್ಲಿ ಗಮನಿಸಬೇಕಾದ್ದು ಆ ಹಣ ಹರಿದ ದಿಕ್ಕು. ಪ್ರವಾಸಿಗರು ತಂದ ಡಾಲರು, ಪೌಂಡು, ಮಾರ್ಕುಗಳು, ಜೊತೆಗೆ ಫ್ರಾನ್ಸ್ ಜರ್ಮನಿಗಳಲ್ಲಿ ದುಡಿಯುತ್ತಿದ್ದ ಸ್ಪೇನಿನವರು ಮನೆಗೆ ಕಳಿಸುತ್ತಿದ್ದ ಹಣ, ಇವೆರಡೂ ಸೇರಿ ದೇಶದ ದೊಡ್ಡ ವ್ಯಾಪಾರ ಕೊರತೆಯನ್ನು ತುಂಬಿದವು. ಕಾರ್ಖಾನೆಗಳಿಗೆ ಬೇಕಾದ ಯಂತ್ರ, ತಂತ್ರಜ್ಞಾನ, ತೈಲಗಳ ಆಮದಿಗೆ ಇದರಿಂದ ದಾರಿಯಾಯಿತು. ಬೆಳೆಯುವ ದೇಶಕ್ಕೆ ಉಳಿತಾಯದ ಕೊರತೆಗಿಂತ ವಿದೇಶಿ ವಿನಿಮಯದ ಕೊರತೆಯೇ ಮುಂದಡಿ ಇಡಗೊಡದ ಅಡ್ಡಿಯಾಗಬಹುದು ಎಂದು ಅರ್ಥಶಾಸ್ತ್ರಜ್ಞ ರೊನಾಲ್ಡ್ ಮೆಕಿನಾನ್ 1964ರಲ್ಲಿ ವಾದಿಸಿದ್ದರು. ಸ್ಪೇನಿನಲ್ಲಿ ಆ ಅಡ್ಡಿಯನ್ನು ತೆಗೆದದ್ದರಲ್ಲಿ ಕಡಲತೀರದ ಪಾಲು ದೊಡ್ಡದು. ಹೋಟೆಲಿಗೆ ಬೇಕಾದ ಸಿಮೆಂಟು, ಪೀಠೋಪಕರಣ, ಆಲಿವ್ ಎಣ್ಣೆ, ದ್ರಾಕ್ಷಾರಸ ಎಲ್ಲವೂ ದೇಶದೊಳಗೇ ತಯಾರಾಗುತ್ತಿದ್ದವು. ಹಾಗಾಗಿ ಪ್ರವಾಸಿಯ ಹಣ ಹೊಲಕ್ಕೂ ಕಾರ್ಖಾನೆಗೂ ತಲುಪಿತು. ಸ್ಪೇನ್ ಇಂದು ಕಾರುಗಳನ್ನು ದೊಡ್ಡ ಪ್ರಮಾಣದಲ್ಲಿ ರಫ್ತು ಮಾಡುವ ದೇಶವೂ ಹೌದು ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಅಪಮೌಲ್ಯ ಮತ್ತು ಪ್ರವಾಸಿಗರ ನಂಟು ಬೇರೆಡೆಯೂ ಕಂಡಿದೆ. 1997ರ ಜುಲೈನಲ್ಲಿ ಥಾಯ್ಲೆಂಡಿನ ನಾಣ್ಯ ಬಾತ್ ಕುಸಿದಾಗ ಸರ್ಕಾರ ‘ಅಮೇಜಿಂಗ್ ಥಾಯ್ಲೆಂಡ್’ ಪ್ರಚಾರಕ್ಕೆ ಕೈಹಾಕಿ ಅಗ್ಗವಾದ ದೇಶವನ್ನು ಜಗತ್ತಿಗೆ ತೋರಿಸಿತು. 2008ರಲ್ಲಿ ಬ್ಯಾಂಕುಗಳು ಮುಳುಗಿ ನಾಣ್ಯದ ಬೆಲೆಯೂ ಕುಸಿದ ಐಸ್‌ಲೆಂಡಿನಲ್ಲಿ 2010ರಲ್ಲಿ 5 ಲಕ್ಷಕ್ಕಿಂತ ಕಡಿಮೆಯಿದ್ದ ವಿದೇಶಿ ಪ್ರವಾಸಿಗರು 2018ರಲ್ಲಿ 23 ಲಕ್ಷವಾದರು. ಮೂರೂವರೆ ಲಕ್ಷ ಜನಸಂಖ್ಯೆಯ ದೇಶದಲ್ಲಿ ಪ್ರವಾಸೋದ್ಯಮ ಮೀನುಗಾರಿಕೆಯನ್ನು ಹಿಂದಿಕ್ಕಿ ಅತಿ ದೊಡ್ಡ ರಫ್ತಾಯಿತು.

ಸೋರಿಕೆ: ಮಾಲ್ಡೀವ್ಸ್‌ನ ಅನುಭವ

ಒಬ್ಬ ಪ್ರವಾಸಿ ಕೊಟ್ಟ ನೂರು ರೂಪಾಯಿ ಹೋಟೆಲಿನಿಂದ ಹಾಲಿನವನಿಗೆ, ಅವನಿಂದ ಹಿಂಡಿ ಅಂಗಡಿಗೆ, ಅಲ್ಲಿಂದ ಗಾಣದವನಿಗೆ ಹೀಗೆ ದಾಟುತ್ತ ನೂರಕ್ಕಿಂತ ಹೆಚ್ಚಿನ ವರಮಾನ ಹುಟ್ಟಿಸಬಹುದು. ಇದಕ್ಕೆ ಗುಣಕ ಪರಿಣಾಮ ಎನ್ನುತ್ತಾರೆ. ರಿಚರ್ಡ್ ಕಾನ್ 1931ರಲ್ಲಿ ಮಂಡಿಸಿ ಕೇನ್ಸ್ ಬೆಳೆಸಿದ ಈ ಕಲ್ಪನೆಯನ್ನು ಬ್ರಯನ್ ಆರ್ಚರ್ ಮೊದಲಾದವರು 1970ರ ದಶಕದಲ್ಲಿ ಪ್ರವಾಸೋದ್ಯಮಕ್ಕೆ ಅನ್ವಯಿಸಿದರು. ಆದರೆ ಪ್ರತಿ ಹಂತದಲ್ಲೂ ಒಂದಷ್ಟು ಹಣ ದೇಶದಿಂದ ಹೊರಗೆ ಹೋಗುತ್ತದೆ. ಹೊರಗಿನಿಂದ ತರಿಸಿದ ಆಹಾರ, ಮದ್ಯ, ಲಿಫ್ಟು, ಏರ್ ಕಂಡೀಷನರು. ವಿದೇಶಿ ಮಾಲೀಕರ ಲಾಭ. ಹೋಟೆಲಿನ ಹೆಸರು ಬಳಸಿದ್ದಕ್ಕೆ ಕೊಡುವ ಶುಲ್ಕ. ಬುಕಿಂಗ್ ಜಾಲತಾಣಗಳ ಕಮಿಷನ್. ವಲಸೆ ನೌಕರರು ಊರಿಗೆ ಕಳಿಸುವ ಸಂಬಳ. ಇದನ್ನು ಸೋರಿಕೆ ಎಂದು ಕರೆಯುತ್ತಾರೆ. ಪ್ರವಾಸಿ ತನ್ನ ದೇಶದಲ್ಲೇ ಕಂಪನಿಗೆ ಪೂರ್ತಿ ಹಣ ಕಟ್ಟಿ, ತನ್ನ ದೇಶದ ವಿಮಾನದಲ್ಲಿ ಬಂದರೆ ಹಣದ ದೊಡ್ಡ ಪಾಲು ಆತಿಥೇಯ ದೇಶದ ಗಡಿಯನ್ನೇ ಮುಟ್ಟುವುದಿಲ್ಲ.

ಸೋರಿಕೆಯನ್ನೂ ಬೆಳವಣಿಗೆಯನ್ನೂ ಒಟ್ಟಿಗೆ ಅರಿಯಲು ಮಾಲ್ಡೀವ್ಸ್ ಒಳ್ಳೆಯ ಪಾಠ. 1972ರಲ್ಲಿ ಇಟಲಿಯಿಂದ ಒಂದು ಸಣ್ಣ ಗುಂಪು ಬಂದಾಗ ಅಲ್ಲಿ ಉಳಿಯಲು ಒಂದು ಹೋಟೆಲೂ ಇರಲಿಲ್ಲ. ಜನ ಟ್ಯೂನಾ ಮೀನು ಹಿಡಿದು, ತೆಂಗು ಬೆಳೆದು ಬದುಕುತ್ತಿದ್ದರು. ಅದೇ ವರ್ಷ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆಯಿತು. ಜನವಸತಿಯಿಲ್ಲದ ದ್ವೀಪವನ್ನು ಸರ್ಕಾರ ಗುತ್ತಿಗೆಗೆ ಕೊಡುವುದು, ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದು ಅಲ್ಲಿನ ಪದ್ಧತಿಯಾಯಿತು. ಗುತ್ತಿಗೆಯ ಬಾಡಿಗೆ, ತೆರಿಗೆಗಳು ಸರ್ಕಾರದ ಮುಖ್ಯ ಆದಾಯವಾದವು. ಆ ಹಣದಲ್ಲಿ ಚದುರಿದ ದ್ವೀಪಗಳಿಗೆ ಶಾಲೆ, ಆಸ್ಪತ್ರೆ, ದೋಣಿ ಸೌಕರ್ಯ ಬಂತು. 2011ರಲ್ಲಿ ಮಾಲ್ಡೀವ್ಸ್ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂತು. ಒಂದು ತಲೆಮಾರಿನಲ್ಲಿ ಇಂಥ ಬದಲಾವಣೆ ಕಂಡ ದೇಶಗಳು ಬೆರಳೆಣಿಕೆಯಷ್ಟು. ಇದನ್ನು ಸಾಧಿಸಿದ್ದು ಪ್ರವಾಸೋದ್ಯಮವೇ ಎಂಬುದರಲ್ಲಿ ಅನುಮಾನವಿಲ್ಲ.

ಅದೇ ಹೊತ್ತಿಗೆ ರೆಸಾರ್ಟಿನ ಅಡುಗೆಮನೆಗೆ ಬರುವ ಅಕ್ಕಿ, ತರಕಾರಿ, ಹಣ್ಣು, ಮಾಂಸ ಬಹುತೇಕ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ದೀಪ ಉರಿಯುವುದು, ಸಮುದ್ರದ ನೀರು ಸಿಹಿಯಾಗುವುದು ಆಮದು ಡೀಸೆಲ್‌ನಿಂದ. ನೌಕರರಲ್ಲಿ ಬಾಂಗ್ಲಾದೇಶ, ಭಾರತ, ಶ್ರೀಲಂಕಾದವರು ಬಹಳ. ಹೀಗಾಗಿ ಬಂದ ಡಾಲರು ಬಂದ ದಾರಿಯಲ್ಲೇ ಹೊರಡುತ್ತದೆ. ಬೆಳವಣಿಗೆಯ ದರ ಎಷ್ಟೇ ಇದ್ದರೂ ದೇಶದ ಸಾಲ ಅದರ ವಾರ್ಷಿಕ ಉತ್ಪನ್ನವನ್ನು ಮೀರಿದೆ. 2024ರ ಅಕ್ಟೋಬರಿನಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ಸಿಲುಕಿದಾಗ ಭಾರತ 40 ಕೋಟಿ ಡಾಲರುಗಳ ಕರೆನ್ಸಿ ವಿನಿಮಯ ಸೌಲಭ್ಯ ಕೊಟ್ಟಿತು. ವರ್ಷಕ್ಕೆ 20 ಲಕ್ಷ ಪ್ರವಾಸಿಗರನ್ನು ಬರಮಾಡಿಕೊಳ್ಳುವ, ಐದು ಲಕ್ಷದಷ್ಟು ಜನಸಂಖ್ಯೆಯ ದೇಶದ ಸ್ಥಿತಿ ಇದು.

ಮಾಲ್ಡೀವ್ಸ್ ಎರಡು ತಿದ್ದುಪಡಿಗಳನ್ನು ಮಾಡಿಕೊಂಡಿದೆ. ಮೊದಲನೆಯದು, 2010ರ ಆಸುಪಾಸಿನಲ್ಲಿ ಜನವಸತಿಯಿರುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಅನುಮತಿ ಕೊಟ್ಟದ್ದು. ಅಲ್ಲಿಯವರೆಗೆ ಪ್ರವಾಸಿಯೂ ಸ್ಥಳೀಯನೂ ಒಬ್ಬರ ಮುಖ ಒಬ್ಬರು ನೋಡುವ ಅವಕಾಶವೇ ಕಡಿಮೆಯಿತ್ತು. ಈಗ ಸಾಮಾನ್ಯ ಕುಟುಂಬವೂ ನಾಲ್ಕು ಕೋಣೆ ಕಟ್ಟಿ ಗಳಿಸಬಹುದು. ಎರಡನೆಯದು, 2011ರಿಂದ ಪ್ರವಾಸಿ ಸೇವೆಗಳ ಮೇಲೆ ಪ್ರತ್ಯೇಕ ಜಿಎಸ್‌ಟಿ. ಅದರ ದರ 2023ರಲ್ಲಿ ಶೇ. 16ಕ್ಕೆ ಏರಿತು. ಸೋರಿಕೆಯನ್ನು ಪೂರ್ತಿ ತಡೆಯಲಾಗದ ಚಿಕ್ಕ ದೇಶಕ್ಕೆ ತೆರಿಗೆಯೇ ಹಣವನ್ನು ಹಿಡಿದಿಡುವ ಗಟ್ಟಿಯಾದ ಸಾಧನ.

ಯಾವುದು ಮೊದಲು?

ಪ್ರವಾಸಿಗರು ಬಂದದ್ದರಿಂದ ದೇಶ ಬೆಳೆಯಿತೋ, ದೇಶ ಬೆಳೆದದ್ದರಿಂದ ಪ್ರವಾಸಿಗರು ಬಂದರೋ? 2002ರಲ್ಲಿ ಹಸಿಂತ್ ಬಲಗೇರ್ ಮತ್ತು ಮಾನ್ವೆಲ್ ಕಾಂತಾವೆಲ್ಯ ಜೋರ್ದಾ ಅವರು 1975ರಿಂದ 1997ರವರೆಗಿನ ಸ್ಪೇನಿನ ಅಂಕಿಗಳನ್ನು ಪರೀಕ್ಷಿಸಿ, ದೀರ್ಘಾವಧಿಯಲ್ಲಿ ಪ್ರವಾಸೋದ್ಯಮವೇ ಬೆಳವಣಿಗೆಗೆ ಕಾರಣವಾಗಿದೆ ಎಂಬ ತೀರ್ಮಾನಕ್ಕೆ ಬಂದರು. ‘ಪ್ರವಾಸೋದ್ಯಮ ಮುನ್ನಡೆಸುವ ಬೆಳವಣಿಗೆ’ ಎಂಬ ಸಿದ್ಧಾಂತಕ್ಕೆ ಅಂಕಿಗಳ ಬಲ ಸಿಕ್ಕದ್ದು ಹೀಗೆ. ಅಲ್ಲಿಂದಾಚೆಗೆ ಹತ್ತಾರು ದೇಶಗಳ ಮೇಲೆ ನೂರಾರು ಪ್ರಬಂಧಗಳು ಬಂದವು. 2004ರಲ್ಲಿ ಮಾರಿಷಸ್ ಕುರಿತ ಅಧ್ಯಯನ ಸ್ಪೇನಿನಂಥದೇ ಫಲಿತಾಂಶ ಕೊಟ್ಟಿತು. ಗ್ರೀಸ್ ಮತ್ತು ತೈವಾನಿನಲ್ಲಿ ಎರಡೂ ಒಂದನ್ನೊಂದು ಬೆಳೆಸಿದಂತೆ ಕಂಡಿತು. 2005ರಲ್ಲಿ ದಕ್ಷಿಣ ಕೊರಿಯಾವನ್ನು ಅಧ್ಯಯನ ಮಾಡಿದ ಚಿ ಓಕ್ ಓ ಅವರಿಗೆ ಸಿಕ್ಕದ್ದು ತದ್ವಿರುದ್ಧ ಉತ್ತರ: ಅಲ್ಲಿ ಆರ್ಥಿಕ ಬೆಳವಣಿಗೆಯೇ ಪ್ರವಾಸಿಗರನ್ನು ತಂದಿತ್ತು. ಟರ್ಕಿಯ ವಿಚಾರದಲ್ಲಿ 2005ರ ಒಂದು ಅಧ್ಯಯನ ಸಿದ್ಧಾಂತ ಸರಿ ಎಂದಿತು, 2009ರ ಇನ್ನೊಂದು ಅಧ್ಯಯನ ಅಂಥ ದೀರ್ಘಾವಧಿಯ ನಂಟೇ ಇಲ್ಲ ಎಂದಿತು.

ಈ ಭಿನ್ನಮತಕ್ಕೆ ವಿಧಾನವೂ ಒಂದು ಕಾರಣ. ಬಹುಪಾಲು ಅಧ್ಯಯನಗಳು ಕ್ಲೈವ್ ಗ್ರೇಂಜರ್ 1969ರಲ್ಲಿ ರೂಪಿಸಿದ ಪರೀಕ್ಷೆಯನ್ನು ಬಳಸುತ್ತವೆ. ಒಂದರ ಹಿಂದಿನ ಅಂಕಿಗಳು ಇನ್ನೊಂದರ ಮುಂದಿನ ಅಂಕಿಗಳನ್ನು ಊಹಿಸಲು ನೆರವಾಗುತ್ತವೆಯೇ ಎಂಬುದನ್ನು ಅದು ನೋಡುತ್ತದೆ. ಮೋಡ ಕವಿದ ಮೇಲೆ ಮಳೆ ಬರುವುದನ್ನು ಅದು ಹಿಡಿಯಬಲ್ಲದು. ಕೊಡೆ ಬಿಚ್ಚಿದ್ದೇ ಮಳೆಗೆ ಕಾರಣವೆಂದೂ ಅದು ತಪ್ಪು ತಿಳಿಯಬಹುದು. ಇಪ್ಪತ್ತು ಮೂವತ್ತು ವರ್ಷಗಳ ಅಂಕಿಗಳಲ್ಲಿ ತೈಲ ಬೆಲೆ, ಯುದ್ಧ, ಸರ್ಕಾರದ ನೀತಿ ಎಲ್ಲವೂ ಕಲೆತಿರುವಾಗ ಆರಿಸಿಕೊಂಡ ಅವಧಿ ಬದಲಾದರೆ ಉತ್ತರವೂ ಬದಲಾಗುತ್ತದೆ. ಆದರೂ ಕೊರಿಯಾ ಮತ್ತು ಸ್ಪೇನ್‌ಗಳ ವ್ಯತ್ಯಾಸ ನಿಜವಾದದ್ದು. ಕಾರು, ಹಡಗು, ಎಲೆಕ್ಟ್ರಾನಿಕ್ಸ್‌ನಿಂದ ಬೆಳೆದ ದೇಶಕ್ಕೆ ವಿದೇಶಿಯರು ವ್ಯವಹಾರಕ್ಕಾಗಿ ಬರುತ್ತಾರೆ.

ಬೆಂಗಳೂರಿನಲ್ಲೂ ಹೀಗೆಯೇ ಆಯಿತು. 2000ರ ದಶಕದ ನಡುವಿನಲ್ಲಿ ಈ ನಗರದ ದೊಡ್ಡ ಹೋಟೆಲುಗಳ ಕೋಣೆ ದರ ದೇಶದಲ್ಲೇ ಅತಿ ಹೆಚ್ಚಿನ ಸಾಲಿಗೆ ಸೇರಿತ್ತು. ಆ ಕೋಣೆಗಳನ್ನು ತುಂಬಿಸಿದವರು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿಯ ಕಂಪನಿಗಳೊಡನೆ ಕೆಲಸವಿದ್ದ ವಿದೇಶಿಯರು. ಅಂಕಿಗಳಲ್ಲಿ ಅವರೂ ಪ್ರವಾಸಿಗರೇ, ಆದರೆ ಅವರನ್ನು ಕರೆತಂದದ್ದು ಸಾಫ್ಟ್‌ವೇರ್.

ಬಾಡಿಗೆ, ಬೆಲೆ ಮತ್ತು ಉಳಿದ ಉದ್ಯಮಗಳು

ಪ್ರವಾಸೋದ್ಯಮ ಬೆಳೆದಾಗ ಅದು ಬೇರೆ ಉದ್ಯಮಗಳ ನೆಲವನ್ನೂ ಕೆಲಸಗಾರರನ್ನೂ ಎಳೆದುಕೊಳ್ಳಬಹುದು. ತೈಲ ಸಿಕ್ಕ ದೇಶಗಳಲ್ಲಿ ಕಾರ್ಖಾನೆಗಳು ಸೊರಗುವುದನ್ನು ಡಚ್ ರೋಗ ಎಂದು ಕರೆಯುತ್ತಾರೆ. ಕಡಲತೀರ ಸಿಕ್ಕ ದೇಶಗಳಲ್ಲೂ ಅದೇ ಆಗಬಹುದೆಂದು ಬ್ರಯನ್ ಕೋಪ್ಲೆಂಡ್ 1991ರಲ್ಲಿ ತೋರಿಸಿದರು. ಮೆಕ್ಸಿಕೋದ ಅನುಭವ ಈ ಚಿತ್ರವನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. 1970ರ ಸುಮಾರಿಗೆ ಬಹುತೇಕ ನಿರ್ಜನವಾಗಿದ್ದ ಕಾಂಕುನ್ ತೀರವನ್ನು ಆ ದೇಶದ ಕೇಂದ್ರ ಬ್ಯಾಂಕು ಹುಡುಕಿ, ಯೋಜನೆ ಹಾಕಿ, ರೆಸಾರ್ಟ್ ನಗರವನ್ನಾಗಿ ಬೆಳೆಸಿತ್ತು. ಬೆನ್ ಫೇಬರ್ ಮತ್ತು ಸೆಸಿಲ್ ಗೋಬೇರ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಮರಳಿನ ತೀರವಿರುವ ಊರುಗಳನ್ನು ಅಂಥ ತೀರವಿಲ್ಲದ ಕರಾವಳಿ ಊರುಗಳೊಡನೆ ಹೋಲಿಸಿದರು. ತೀರವಿದ್ದ ಊರುಗಳಲ್ಲಿ ಉದ್ಯೋಗ, ವರಮಾನ ಎರಡೂ ಹೆಚ್ಚಿದ್ದವು, ಕೈಗಾರಿಕೆಯೂ ಕುಗ್ಗುವ ಬದಲು ಬೆಳೆದಿತ್ತು. ಆದರೆ ಇಡೀ ದೇಶದ ಲೆಕ್ಕದಲ್ಲಿ ಕೈಗಾರಿಕೆಗೆ ಸಿಕ್ಕ ಆ ಲಾಭದ ದೊಡ್ಡ ಪಾಲನ್ನು ಪ್ರವಾಸಿಗರಿಲ್ಲದ ಪ್ರದೇಶಗಳ ನಷ್ಟ ತಿಂದುಹಾಕಿತ್ತು. ರಾಷ್ಟ್ರಕ್ಕೆ ಉಳಿದ ಲಾಭ ಮುಖ್ಯವಾಗಿ ಹೊರಗಿನ ಮಾರುಕಟ್ಟೆಗೆ ತೆರೆದುಕೊಂಡದ್ದರಿಂದ ಬಂದದ್ದು. ಒಂದು ಊರಿನ ಏಳಿಗೆಯನ್ನು ನೋಡಿ ದೇಶದ ಏಳಿಗೆಯೆಂದು ಲೆಕ್ಕ ಹಾಕುವವರು ಈ ಫಲಿತಾಂಶವನ್ನು ಗಮನಿಸಬೇಕು.

ಸಾಮಾನ್ಯ ಜನರಿಗೆ ಮೊದಲು ತಟ್ಟುವುದು ಮನೆ ಬಾಡಿಗೆ. 2024ರಲ್ಲಿ ಸ್ಪೇನಿಗೆ ಅಲ್ಲಿಯವರೆಗಿನ ದಾಖಲೆಯಾದ 9.38 ಕೋಟಿ ವಿದೇಶಿಯರು ಬಂದರು. ಅದೇ ವರ್ಷ ಕನೇರಿ ದ್ವೀಪಗಳು, ಮಯೋರ್ಕಾ, ಬಾರ್ಸಿಲೋನಾಗಳಲ್ಲಿ ಸ್ಥಳೀಯರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಮನೆಗಳೆಲ್ಲ ಪ್ರವಾಸಿಗರ ಅಲ್ಪಾವಧಿ ಬಾಡಿಗೆಗೆ ಹೋಗಿ, ಅಲ್ಲೇ ಹುಟ್ಟಿ ಬೆಳೆದ ಶಿಕ್ಷಕರಿಗೆ, ದಾದಿಯರಿಗೆ ಮನೆ ಸಿಗದಂತಾಗಿದೆ ಎಂಬುದು ಅವರ ದೂರು. 2028ರ ನವೆಂಬರ್ ಹೊತ್ತಿಗೆ ಸುಮಾರು 10,000 ಪ್ರವಾಸಿ ಫ್ಲಾಟುಗಳ ಪರವಾನಗಿಯನ್ನು ನಿಲ್ಲಿಸುವುದಾಗಿ ಬಾರ್ಸಿಲೋನಾದ ಮೇಯರ್ ಜೌಮೆ ಕೊಲ್ಬೋನಿ ಪ್ರಕಟಿಸಿದರು. ಜಿಡಿಪಿ ಏರುತ್ತಿರುವಾಗಲೇ ಜನರ ಬದುಕು ಇಕ್ಕಟ್ಟಾಗಬಹುದು. ಆ ದೂರನ್ನು ಬೆಳವಣಿಗೆಯ ವಿರೋಧವೆಂದು ತಳ್ಳಿಹಾಕುವುದು ಅನ್ಯಾಯ.

ಪರಿಸರದ ವೆಚ್ಚವೂ ರಾಷ್ಟ್ರೀಯ ಲೆಕ್ಕದಲ್ಲಿ ಕಾಣುವುದಿಲ್ಲ. 2018ರ ಒಂದು ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 8 ಪ್ರವಾಸೋದ್ಯಮದ್ದು.

ಆಘಾತ

ಕಾರ್ಖಾನೆಯ ಸರಕು ಇಂದು ಮಾರಾಟವಾಗದಿದ್ದರೆ ಗೋದಾಮಿನಲ್ಲಿ ಇರುತ್ತದೆ. ಹೋಟೆಲಿನ ಕೋಣೆ ಒಂದು ರಾತ್ರಿ ಖಾಲಿ ಉಳಿದರೆ ಆ ರಾತ್ರಿಯ ಆದಾಯ ಎಂದಿಗೂ ಬಾರದು. ಈ ಕಾರಣಕ್ಕೆ ಯುದ್ಧ, ಭಯೋತ್ಪಾದನೆ, ಸಾಂಕ್ರಾಮಿಕಗಳ ಹೊಡೆತ ಪ್ರವಾಸೋದ್ಯಮಕ್ಕೆ ಬಹಳ ಬೇಗ, ಬಹಳ ಜೋರಾಗಿ ಬೀಳುತ್ತದೆ.

ಶ್ರೀಲಂಕಾ ಈ ಹೊಡೆತವನ್ನು ಪದೇ ಪದೇ ತಿಂದ ದೇಶ. ಅಂತರ್ಯುದ್ಧ ಮುಗಿದ 2009ರಲ್ಲಿ ಅಲ್ಲಿಗೆ ಬಂದ ವಿದೇಶಿಯರು ಸುಮಾರು 4.5 ಲಕ್ಷ. ಶಾಂತಿ ನೆಲೆಸಿದ ಮೇಲೆ ಸಂಖ್ಯೆ ಏರುತ್ತ 2018ರಲ್ಲಿ 23.3 ಲಕ್ಷವಾಯಿತು, ಆದಾಯ ಸುಮಾರು 438 ಕೋಟಿ ಡಾಲರ್, ಅಂದರೆ ಅದೇ ವರ್ಷದ ಚಹಾ ರಫ್ತಿನ ಸುಮಾರು ಮೂರು ಪಟ್ಟು. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಚರ್ಚುಗಳಲ್ಲಿ ಮತ್ತು ಕೊಲಂಬೊದ ದೊಡ್ಡ ಹೋಟೆಲುಗಳಲ್ಲಿ ಬಾಂಬುಗಳು ಸ್ಫೋಟಿಸಿ 250ಕ್ಕೂ ಹೆಚ್ಚು ಜನ ಸತ್ತರು. ಚೇತರಿಸಿಕೊಳ್ಳುವ ಮೊದಲೇ ಕೋವಿಡ್ ಬಂತು. 2021ರಲ್ಲಿ ಇಡೀ ವರ್ಷಕ್ಕೆ ಬಂದವರು ಎರಡು ಲಕ್ಷಕ್ಕಿಂತ ಕಡಿಮೆ. 2019ರ ಕೊನೆಯ ತೆರಿಗೆ ಕಡಿತ, 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಷೇಧ, ಮೊದಲಿನಿಂದ ಬೆಳೆದಿದ್ದ ವಿದೇಶಿ ಸಾಲ ಇವುಗಳ ಜೊತೆ ಪ್ರವಾಸಿ ಡಾಲರಿನ ಬರವೂ ಸೇರಿ, 2022ರ ಏಪ್ರಿಲ್‌ನಲ್ಲಿ ದೇಶ ವಿದೇಶಿ ಸಾಲ ತೀರಿಸುವುದನ್ನು ನಿಲ್ಲಿಸಬೇಕಾಯಿತು. ಪೆಟ್ರೋಲಿಗೆ, ಅಡುಗೆ ಅನಿಲಕ್ಕೆ, ಔಷಧಕ್ಕೆ ಜನ ದಿನಗಟ್ಟಲೆ ಸಾಲು ನಿಂತರು. 2024ರಲ್ಲಿ ಪ್ರವಾಸಿಗರು ಮತ್ತೆ 20 ಲಕ್ಷ ದಾಟಿದಾಗ ವಿದೇಶಿ ವಿನಿಮಯದ ಸ್ಥಿತಿಯೂ ಸುಧಾರಿಸಿತು. ಹೆಚ್ಚು ಬಂದವರು ಭಾರತೀಯರು.

ಕೋವಿಡ್ ವರ್ಷವಾದ 2020ರಲ್ಲಿ ಜಗತ್ತಿನ ಅಂತರರಾಷ್ಟ್ರೀಯ ಪ್ರವಾಸಿಗರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇ. 70ಕ್ಕೂ ಹೆಚ್ಚು ಕುಸಿಯಿತು. ಮಾಲ್ಡೀವ್ಸ್‌ನ ಉತ್ಪನ್ನ ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗದಷ್ಟು, ಜೂಜಿನ ಪ್ರವಾಸಿಗರನ್ನು ನೆಚ್ಚಿದ್ದ ಮಕಾವಿನ ಉತ್ಪನ್ನ ಅರ್ಧಕ್ಕಿಂತ ಹೆಚ್ಚು ಕುಗ್ಗಿತು. ಹಲವು ಉದ್ಯಮಗಳಿರುವ ಥಾಯ್ಲೆಂಡ್ ವರ್ಷಕ್ಕೆ ಸುಮಾರು 4 ಕೋಟಿಯಿದ್ದ ಪ್ರವಾಸಿಗರಲ್ಲಿ ಬಹುಪಾಲನ್ನು ಕಳೆದುಕೊಂಡರೂ ಅದರ ಕುಸಿತ ಶೇ. 6ರ ಸುಮಾರಿಗೆ ನಿಂತಿತು. 2024ರಲ್ಲಿ ಜಾಗತಿಕ ಸಂಖ್ಯೆ ಸುಮಾರು 140 ಕೋಟಿಗೆ ಮರಳಿತು.

ಭಾರತ ಮತ್ತು ಕರ್ನಾಟಕ

ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 1966ರಲ್ಲಿ ಸ್ಥಾಪನೆಯಾಯಿತು. ‘ಇನ್‌ಕ್ರೆಡಿಬಲ್ ಇಂಡಿಯಾ’ ಪ್ರಚಾರ 2002ರಲ್ಲಿ, ಪ್ರವಾಸಿಗರಿಗೆ ಇ-ವೀಸಾ 2014ರ ನವೆಂಬರಿನಲ್ಲಿ ಬಂತು. 2019ರಲ್ಲಿ ಬಂದ ವಿದೇಶಿ ಪ್ರವಾಸಿಗರು 1.09 ಕೋಟಿ, ಅವರಿಂದ ಬಂದ ವಿದೇಶಿ ವಿನಿಮಯ ಸುಮಾರು 2.11 ಲಕ್ಷ ಕೋಟಿ ರೂಪಾಯಿ. ಜಾಗತಿಕ ಪ್ರವಾಸಿಗರಲ್ಲಿ ಭಾರತದ ಪಾಲು ಶೇ. 1ಕ್ಕಿಂತ ಕಡಿಮೆ, ಆದಾಯದಲ್ಲಿ ಶೇ. 2ರ ಸುಮಾರು. ಭಾರತಕ್ಕೆ ಬಂದವರು ಹೆಚ್ಚು ದಿನ ಉಳಿಯುತ್ತಾರೆ ಎಂಬುದು ಇದಕ್ಕೆ ಮುಖ್ಯ ಕಾರಣ. 2019ರಲ್ಲಿ ಬಂದವರಲ್ಲಿ ಕಾಲು ಭಾಗದಷ್ಟು ಬಾಂಗ್ಲಾದೇಶದವರು, ಅವರಲ್ಲಿ ಬಹಳ ಜನ ಚಿಕಿತ್ಸೆಗೆ ಬಂದವರು. ಅಮೆರಿಕ, ಬ್ರಿಟನ್‌ಗಳಿಂದ ಬಂದವರಲ್ಲಿ ಭಾರತೀಯ ಮೂಲದವರು ಹೆಚ್ಚು. ದೇಶದ ಜಿಡಿಪಿಯಲ್ಲಿ ಪ್ರವಾಸೋದ್ಯಮದ ನೇರ ಮತ್ತು ಪರೋಕ್ಷ ಪಾಲು ಸುಮಾರು ಶೇ. 5, ಅದರ ಬಹುಭಾಗ ದೇಶದೊಳಗಿನ ಪ್ರವಾಸಿಗರದ್ದು. ತಿರುಪತಿ, ಧರ್ಮಸ್ಥಳ, ಕಾಶಿಗಳಿಗೆ ಹೋಗುವ ಜನರೇ ಭಾರತದ ಪ್ರವಾಸೋದ್ಯಮದ ಬೆನ್ನೆಲುಬು. ಹೊರಗೆ ಹೋಗುವ ಭಾರತೀಯರ ಸಂಖ್ಯೆ ಒಳಗೆ ಬರುವ ವಿದೇಶಿಯರ ಎರಡೂವರೆ ಪಟ್ಟಿಗೂ ಹೆಚ್ಚು: 2023ರಲ್ಲಿ ಸುಮಾರು 2.8 ಕೋಟಿ. ರಿಸರ್ವ್ ಬ್ಯಾಂಕಿನ ಉದಾರ ಹಣ ರವಾನೆ ಯೋಜನೆಯಡಿ 2023-24ರಲ್ಲಿ ಭಾರತೀಯರು ಪ್ರಯಾಣಕ್ಕೆಂದು ಹೊರಗೆ ಕಳಿಸಿದ ಹಣ ಸುಮಾರು 1,700 ಕೋಟಿ ಡಾಲರ್.

ಕರ್ನಾಟಕದಲ್ಲಿ ಹಣ ಉಳಿಯುವ ಬಗೆಗೆ ಒಳ್ಳೆಯ ನಿದರ್ಶನ ಮೈಸೂರಿನ ಗೋಕುಲಂ. ಕೆ. ಪಟ್ಟಾಭಿ ಜೋಯಿಸರಿಂದ (1915–2009) ಅಷ್ಟಾಂಗ ಯೋಗ ಕಲಿಯಲು 1970ರ ದಶಕದಿಂದ ಪಾಶ್ಚಾತ್ಯರು ಬರತೊಡಗಿದರು. ಅವರ ನಂತರವೂ ಆ ಪರಂಪರೆ ಮುಂದುವರಿದಿದೆ. ತಿಂಗಳುಗಟ್ಟಲೆ ಉಳಿಯುವ ಈ ವಿದ್ಯಾರ್ಥಿಗಳು ಮನೆಯ ಮಹಡಿಯನ್ನು ಬಾಡಿಗೆ ಹಿಡಿಯುತ್ತಾರೆ, ಮನೆಯೂಟ ಮಾಡುತ್ತಾರೆ, ಸ್ಕೂಟರ್ ಬಾಡಿಗೆಗೆ ಪಡೆಯುತ್ತಾರೆ, ಎಳನೀರು ಕುಡಿಯುತ್ತಾರೆ. ಅವರ ಖರ್ಚು ನೇರವಾಗಿ ಬಡಾವಣೆಯ ಮನೆಗಳಿಗೆ, ಅಂಗಡಿಗಳಿಗೆ ಸೇರುತ್ತದೆ. ಹವಾನಿಯಂತ್ರಿತ ಬಸ್ಸಿನಲ್ಲಿ ಬಂದು ಅರಮನೆ ನೋಡಿ ಸಂಜೆಗೆ ಹೊರಡುವ ತಂಡದಿಂದ ಇಂಥ ಲಾಭವಾಗದು.

ಹಂಪಿಯ ಕಥೆ ಕಷ್ಟದ್ದು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣ, ಆನೆಗೊಂದಿ ಬಳಿಯ ಸೇತುವೆ ಕಾಮಗಾರಿಯ ಕಾರಣದಿಂದ 1999ರಿಂದ 2006ರವರೆಗೆ ಅಪಾಯದ ಅಂಚಿನ ಪಟ್ಟಿಯಲ್ಲಿತ್ತು. ವಿದೇಶಿ ಪ್ರವಾಸಿಗರನ್ನು ನಂಬಿ ಊರಿನವರು ಹಂಪಿ ಬಜಾರಿನಲ್ಲಿ, ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಗೆಸ್ಟ್‌ಹೌಸ್, ಊಟದ ಮನೆ, ಸೈಕಲ್ ಅಂಗಡಿಗಳನ್ನು ಕಟ್ಟಿಕೊಂಡಿದ್ದರು. ಬಜಾರಿನ ಕಟ್ಟಡಗಳನ್ನು 2011ರಲ್ಲಿ, ಗಡ್ಡೆಯ ಕಟ್ಟಡಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಕೆಡವಲಾಯಿತು. ಸ್ಮಾರಕಗಳನ್ನು ಉಳಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪ್ರವಾಸಿಯ ಹಣ ಊರಿನ ಮನೆಗೆ ಸೇರುತ್ತಿದ್ದ ದಾರಿಯನ್ನು ಮುಚ್ಚುವಾಗ ಇನ್ನೊಂದು ದಾರಿಯನ್ನು ಮೊದಲೇ ತೆರೆದಿಡಬೇಕಾಗಿತ್ತು.

ಸಂಖ್ಯೆಯ ಹಿಂದೆ ಬೀಳದ ನೀತಿಗೆ ನೆರೆಯ ಭೂತಾನ್ ಉದಾಹರಣೆ. 1974ರಲ್ಲಿ ವಿದೇಶಿಯರಿಗೆ ಬಾಗಿಲು ತೆರೆದಾಗಿನಿಂದ ಅದು ಕಡಿಮೆ ಜನ, ಹೆಚ್ಚು ಮೌಲ್ಯ ಎಂಬ ತತ್ವ ಹಿಡಿದಿದೆ. ಪ್ರವಾಸಿ ಪ್ರತಿ ರಾತ್ರಿಗೆ ಕೊಡಬೇಕಾದ ಅಭಿವೃದ್ಧಿ ಶುಲ್ಕವನ್ನು 2022ರಲ್ಲಿ 65ರಿಂದ 200 ಡಾಲರಿಗೆ ಏರಿಸಿತು. ಜನ ಬಾರದಿದ್ದಾಗ 2023ರಲ್ಲಿ 100ಕ್ಕೆ ಇಳಿಸಿತು. ಭಾರತೀಯರಿಗೆ ಅದು 1,200 ರೂಪಾಯಿ. ಏಳು ಕೋಟಿ ಜನರಿರುವ ಕರ್ನಾಟಕ ಭೂತಾನಿನ ಶುಲ್ಕವನ್ನು ನಕಲು ಮಾಡಲಾಗದು. ಆದರೆ ಅದರ ಲೆಕ್ಕದ ಶಿಸ್ತನ್ನು ಕಲಿಯಬಹುದು. ಹಂಪಿಯಲ್ಲಿ ಒಬ್ಬ ವಿದೇಶಿ ಖರ್ಚು ಮಾಡಿದ ಪ್ರತಿ ನೂರು ರೂಪಾಯಿಯಲ್ಲಿ ಕಮಲಾಪುರ, ಹೊಸಪೇಟೆ, ಆನೆಗೊಂದಿಯವರಿಗೆ ಎಷ್ಟು ಸಿಕ್ಕಿತು ಎಂಬುದನ್ನು, ಬಂದವರ ಸಂಖ್ಯೆಯ ಜೊತೆಯಲ್ಲೇ ವರ್ಷವರ್ಷ ಲೆಕ್ಕ ಹಾಕಿ ಪ್ರಕಟಿಸುವ ಕೆಲಸವನ್ನು ರಾಜ್ಯದ ಪ್ರವಾಸೋದ್ಯಮ ಇಲಾಖೆ ಕೈಗೆತ್ತಿಕೊಳ್ಳಬೇಕು.